ಗ್ಯಾಸ್ ಮಾತ್ರೆ ನಿಲ್ಲಿಸುವ ದಿನವನ್ನೂ ಬರೆಯೋಣ

ಮಲ್ಲೇಶ್ವರದ ನನ್ನ ಸೋದರತ್ತೆಯವರ ಮಾತ್ರೆ ಡಬ್ಬಿಯನ್ನು ಕಳೆದ ವಾರ ತೆರೆದು ನೋಡಿದೆ. ಮೂರು ವರ್ಷಗಳ ಹಿಂದೆ ನ್ಯುಮೋನಿಯಾ ಆಗಿ ನಗರದ ಆಸ್ಪತ್ರೆಯೊಂದರಲ್ಲಿ ಐದು ದಿನ ಇದ್ದಾಗ ಆರಂಭಿಸಿದ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಅಂದರೆ ಹೊಟ್ಟೆಯ ಆಮ್ಲ ತಗ್ಗಿಸುವ 'ಗ್ಯಾಸ್ ಮಾತ್ರೆ', ಇನ್ನೂ ಅದರಲ್ಲಿತ್ತು. ಎದೆಯುರಿಯಾಗಲಿ, ಹೊಟ್ಟೆಹುಣ್ಣಾಗಲಿ ಅವರಿಗೆ ಎಂದೂ ಇರಲಿಲ್ಲ. "ಆಸ್ಪತ್ರೆಯವರೇ ಬರೆದುಕೊಟ್ಟಿದ್ದಲ್ಲವೇನಪ್ಪಾ, ನಾನು ಹೇಗೆ ಬಿಡಲಿ?" ಎಂದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಏತಕ್ಕೆ, ಎಷ್ಟು ದಿನ ಎಂಬ ಎರಡೂ ವಿವರಗಳಿರಲಿಲ್ಲ.

ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಇದು ಹೊಸದಲ್ಲ. ಜ್ವರಕ್ಕೆ ದಾಖಲಾದವರಿಗೂ ಡ್ರಿಪ್ ಹಾಕುವ ಹೊತ್ತಿಗೆ ಆ್ಯಂಟಿಬಯೋಟಿಕ್ ಜೊತೆಗೆ 'ಪ್ಯಾನ್ ಇಂಜೆಕ್ಷನ್' (ಇದೇ ಪ್ಯಾಂಟೊಪ್ರಜೋಲ್) ತಾನಾಗಿಯೇ ಬರೆದುಹೋಗುತ್ತದೆ. (ಕಿರಿಯ ವೈದ್ಯನಾಗಿದ್ದಾಗ ನಾನೂ ಹಾಗೆಯೇ ಬರೆದವನು.) ತೀವ್ರ ಕಾಯಿಲೆಯಲ್ಲಿ ಜಠರದಲ್ಲಿ ರಕ್ತಸ್ರಾವವಾಗುವ ಭಯಕ್ಕೆ ಆಧಾರವಿದೆಯಾದರೂ, ಆ ಅಪಾಯ ಮುಖ್ಯವಾಗಿ ಎರಡು ದಿನಕ್ಕೂ ಹೆಚ್ಚು ವೆಂಟಿಲೇಟರ್‌ನಲ್ಲಿರುವವರಿಗೆ ಮತ್ತು ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದವರಿಗೆ ಸೇರಿದ್ದು, ನಡೆದಾಡಿಕೊಂಡು ಇಡ್ಲಿ ತಿನ್ನುವ ರೋಗಿಗೆ ಅಲ್ಲ. ಯುರೋಪಿನ ಐಸಿಯುಗಳಲ್ಲಿ ಅಪಾಯದ ಅಂಚಿನಲ್ಲಿದ್ದ ಸುಮಾರು 3,300 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಗಂಭೀರ ರಕ್ತಸ್ರಾವ ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಶೇ. 2.5, ಪಡೆಯದವರಲ್ಲಿ ಶೇ. 4.2 ಇತ್ತೇ ಹೊರತು, ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹೊಟ್ಟೆಯ ಆಮ್ಲ ವ್ಯರ್ಥ ವಸ್ತುವಲ್ಲ. ಆಹಾರದೊಡನೆ ಒಳಹೊಕ್ಕ ರೋಗಾಣುಗಳನ್ನು ಅದು ಕೊಲ್ಲುತ್ತದೆ, ಆಹಾರದಿಂದ ಬಿ12 ಬಿಡಿಸಿಕೊಡುತ್ತದೆ. ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಮತ್ತು ಮೆಗ್ನೀಷಿಯಂ ಕೊರತೆ ಕಾಣಿಸಿಕೊಳ್ಳಬಹುದು. ಮೂಳೆ ಮುರಿತ ಹಾಗೂ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಕರುಳಿನ ಬ್ಯಾಕ್ಟೀರಿಯಾದಿಂದ ಬರುವ ಭೇದಿಯೊಂದಿಗೂ ನಂಟು ಕಂಡುಬಂದಿದೆ, ಆದರೆ ಇವಕ್ಕೆಲ್ಲ ಮಾತ್ರೆಯೇ ಕಾರಣವೆಂದು ಖಡಾಖಂಡಿತವಾಗಿ ಹೇಳಲಾಗದು.

ಹಾಗೆಂದು ಇದನ್ನು ಓದಿ ಯಾರೂ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯಬಾರದು. ಹುಣ್ಣಿನಿಂದ ರಕ್ತಸ್ರಾವವಾದವರಿಗೂ, ಹೃದಯದ ಸ್ಟೆಂಟ್‌ಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಸೇವಿಸುವ ವಯಸ್ಸಾದವರಿಗೂ ಅದು ಜೀವರಕ್ಷಕ. ಬಹುಕಾಲ ಸೇವಿಸಿ ಥಟ್ಟನೆ ನಿಲ್ಲಿಸಿದಾಗ ಆಮ್ಲ ಮೊದಲಿಗಿಂತ ಹೆಚ್ಚು ಸ್ರವಿಸುವುದುಂಟು. ಆಗ ಬರುವ ಉರಿಯನ್ನು ಕಂಡು 'ನನಗೆ ಈ ಮಾತ್ರೆ ಬೇಕೇ ಬೇಕು' ಎಂದುಕೊಳ್ಳುವವರೇ ಹೆಚ್ಚು.

ದೋಷವನ್ನು ಔಷಧಿ ಅಂಗಡಿಯವರ ಮೇಲೋ ರೋಗಿಯ ಮೇಲೋ ಹೊರಿಸುವುದು ನನಗೆ ಒಪ್ಪಿತವಲ್ಲ. ಆರಂಭಿಸಿದವರು ನಾವು, ಐಸಿಯುವಿನಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಕಳುಹಿಸುವಾಗ 'ಇದಿನ್ನೂ ಬೇಕೇ' ಎಂದು ಕೇಳಿಕೊಂಡು ಕಾರಣವನ್ನೂ ನಿಲ್ಲಿಸುವ ದಿನವನ್ನೂ ಬರೆಯಬೇಕಾದವರೂ ನಾವೇ. ಅದಕ್ಕೆ ಬೇಕಾಗುವುದು ಒಂದು ಸಾಲು.

ಅತ್ತೆಯವರ ವೈದ್ಯರೊಂದಿಗೆ ಮಾತನಾಡಿದ್ದೇನೆ. ಕೆಲವು ವಾರ 20 ಮಿಲಿಗ್ರಾಂ, ಅನಂತರ ದಿನ ಬಿಟ್ಟು ದಿನ, ಆಮೇಲೆ ಬೇಡ ಎಂದು ತೀರ್ಮಾನವಾಗಿದೆ. ನಡುವೆ ಹುಳಿತೇಗು ಬಂದರೆ ಅಂಗಡಿಗೆ ಹೋಗುವ ಮೊದಲು ನನಗೆ ಫೋನ್ ಮಾಡಿ ಎಂದು ಅವರ ಡಬ್ಬಿಯ ಮುಚ್ಚಳದ ಮೇಲೆಯೇ ಚೀಟಿ ಅಂಟಿಸಿ ಬಂದಿದ್ದೇನೆ.