ಕೊಕ್ಕರೆ ಬೆಳ್ಳೂರಿನ ಆ ತಂತಿ

'ತೀರ್ಪುಗಾರರು ಒಂದು ಫೋಟೊಗೆ ಕೆಲವೇ ಸೆಕೆಂಡು ಕೊಡ್ತಾರೆ, ಮಿಕ್ಕಿದ್ದೆಲ್ಲ ಅದೃಷ್ಟ' ಅಂತ ಫೋಟೊ ಸ್ಪರ್ಧೆಗಳ ಬಗ್ಗೆ ಬರೆದಿದ್ದೀರಿ ಸರ್. ಸೆಕೆಂಡಿನ ಮಾತು ನಿಜ. ಫಿಯಾಪ್ (ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ), ಪಿಎಸ್‌ಎ (ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ) ಮಾನ್ಯತೆಯ ಸಲಾನ್‌ಗಳಲ್ಲಿ, ಅಂದರೆ ಸ್ಪರ್ಧೆಗಳಲ್ಲಿ, ತೆಗೆದವರ ಹೆಸರು ತೋರಿಸದೆ ಚಿತ್ರ ಇಡ್ತಾರೆ, ಒಬ್ಬೊಬ್ಬ ತೀರ್ಪುಗಾರರೂ ಅಂಕ ಹಾಕ್ತಾರೆ, ಮೊತ್ತ ಗೆರೆ ದಾಟಿದರೆ ಆಯ್ಕೆ. ಆದರೆ ಅದೃಷ್ಟ ಕೈಕೊಟ್ಟು ಸೋತವರಿಗಿಂತ ನಿಯಮ ಓದದೆ ಕೆಟ್ಟವರು ಜಾಸ್ತಿ. ನಾನೇ ಒಬ್ಬ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ, ಹುಣಸೆ ಮರದ ಗೂಡಲ್ಲಿ ಮರಿಗೆ ಮೀನು ಕಕ್ಕುತ್ತಿದ್ದ ಬಣ್ಣದ ಕೊಕ್ಕರೆ ಸಿಕ್ಕಿತ್ತು. ಹಿಂದೆ ಹೆಂಚಿನ ಮನೆಯ ಮೂಲೆ, ಅಡ್ಡಕ್ಕೊಂದು ಕರೆಂಟ್ ತಂತಿ. 'ನೇಚರ್ ವಿಭಾಗದಲ್ಲಿ ಮನುಷ್ಯರ ಗುರುತು ಇರಬಾರದು' ಅಂತ ಯಾರೋ ಅಂದಿದ್ದು ನಂಬಿ ಎರಡನ್ನೂ ಚಿತ್ರದಿಂದ ಒರೆಸಿ ಸ್ಪರ್ಧೆಗೆ ಕಳಿಸಿದೆ. ಸ್ಪರ್ಧೆಯವರು ರಾ ಫೈಲ್ (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಚಿತ್ರ) ಕೇಳಿದರು. ಒರೆಸಿದ್ದು ಗೊತ್ತಾಗಿ ಅಲ್ಲಿಗೆ ಕಥೆ ಮುಗೀತು. ಆಮೇಲೆ ನಿಯಮ ತೆಗೆದು ನೋಡಿದರೆ, ಮನುಷ್ಯರ ಜಾಗಕ್ಕೆ ಹೊಂದಿಕೊಂಡ ಜೀವಿಗಳಿಗೆ ವಿನಾಯಿತಿ ಇದೆ. ಉದಾಹರಣೆಗೆ ಕೊಟ್ಟಿರೋದೇ ಕಣಜದ ಗೂಬೆ, ಕೊಕ್ಕರೆ! ಮನೆ ಇದ್ದಿದ್ದರೆ ನಡೀತಿತ್ತು, ಅಳಿಸಿದ್ದೇ ತಪ್ಪಾಯ್ತು.

ದೊಡ್ಡ ಕಡೆಯೂ ಹೀಗಾಗಿದೆ ಬಿಡಿ. ಲಂಡನ್ನಿನ 'ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಯಲ್ಲಿ 2009ರ ಗೆದ್ದ ಚಿತ್ರದ ತೋಳ ಪಳಗಿಸಿದ್ದಿರಬೇಕು ಅಂತ ಪ್ರಶಸ್ತಿ ವಾಪಸ್ ಪಡೆದರು. 2018ರಲ್ಲಿ ಇನ್ನೊಂದು ಹೋಯ್ತು. ಅದರಲ್ಲಿದ್ದ ಇರುವೆಬಾಕ ಜೀವಂತದ್ದಲ್ಲ, ಸತ್ತ ಪ್ರಾಣಿಯ ಚರ್ಮದೊಳಗೆ ಏನೋ ತುಂಬಿ ನಿಲ್ಲಿಸಿದ ಗೊಂಬೆ ಅಂತ ತೀರ್ಮಾನವಾಯ್ತು.

ಅಂದಹಾಗೆ ಮೈಸೂರಿನ ಹುಡುಗರಿಗೆ: ಝೂನ ಹುಲಿ ವೈಲ್ಡ್‌ಲೈಫ್ ವಿಭಾಗಕ್ಕೆ ನಡೆಯಲ್ಲ. ಪಕ್ಕದ ಕಾರಂಜಿ ಕೆರೆಗೆ ತಾನಾಗೇ ಹಾರಿಬಂದ ಹೆಜ್ಜಾರ್ಲೆ ಧಾರಾಳವಾಗಿ ನಡೆಯುತ್ತೆ.