ಪರ-ವಿರೋಧ: ಡಿಸ್ ಹಾಡುಗಳಲ್ಲಿ 'ನಾಟ್ ಲೈಕ್ ಅಸ್'ಗೇ ಮೊದಲ ಸ್ಥಾನವೇ?

ಪರ: ಸ್ಟೇಡಿಯಮ್ಮೇ ಹಾಡಿತಲ್ಲ

ನನಗೆ 'ಪರ' ಬರೆಯಲು ಹೇಳಿದ್ದಾರೆ. ನಿಜ ಹೇಳಿಬಿಡುತ್ತೇನೆ, ರ‍್ಯಾಪ್ ಹಾಡುಗಾರರಾದ ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ಜಗಳದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಕೆಂಡ್ರಿಕ್‌ನ 'ಯೂಫೋರಿಯಾ'. ಆರು ನಿಮಿಷದಲ್ಲಿ ಕೆಂಡ್ರಿಕ್ ಎಷ್ಟು ಸಲ ದನಿ ಬದಲಿಸುತ್ತಾನೆ! ಮೊದಲು ಪಕ್ಕದಲ್ಲಿ ಕೂತು ಬುದ್ಧಿ ಹೇಳುವವನ ಹಾಗೆ, ಆಮೇಲೆ ಬಾಗಿಲು ಒದೆಯುವವನ ಹಾಗೆ. ಆದರೆ ಇಲ್ಲಿನ ಪ್ರಶ್ನೆ ಅದಲ್ಲ. ಡಿಸ್ ಹಾಡು ಅಂದರೆ ಎದುರಾಳಿಯ ಮಾನ ಕಳೆಯುವ ಹಾಡು. ಅದರ ಕೆಲಸ ಗೆಲ್ಲುವುದು. ಅದೇ ಜಗಳದಲ್ಲಿ ಕೆಂಡ್ರಿಕ್ ಬಿಟ್ಟ 'ನಾಟ್ ಲೈಕ್ ಅಸ್' ಗೆದ್ದಷ್ಟು ಬೇರೆ ಯಾವುದೂ ಗೆದ್ದಿಲ್ಲ.

ಕಥೆ ಗೊತ್ತಿರುವುದೇ. 2024ರ ಮಾರ್ಚಿನಲ್ಲಿ 'ಲೈಕ್ ದಟ್' ಹಾಡಿನಲ್ಲಿ ಕೆಂಡ್ರಿಕ್, ದೊಡ್ಡವರು ಮೂವರಲ್ಲ (ತಾನು, ಡ್ರೇಕ್, ಜೆ. ಕೋಲ್), ನಾನೊಬ್ಬನೇ ಎಂದ. ಜೆ. ಕೋಲ್ ಏಪ್ರಿಲ್ 5ಕ್ಕೆ ಉತ್ತರ ಕೊಟ್ಟು, 7ಕ್ಕೆ ವೇದಿಕೆ ಮೇಲೆ ಕ್ಷಮೆ ಕೇಳಿ ಪಕ್ಕಕ್ಕೆ ಸರಿದ. (ಬುದ್ಧಿವಂತ.) ಡ್ರೇಕ್ ಒಂದು ಹಾಡಿನಲ್ಲಿ ತೀರಿಹೋದ ರ‍್ಯಾಪರ್ ಟುಪಾಕ್ ಮತ್ತು ಹಿರಿಯ ರ‍್ಯಾಪರ್ ಸ್ನೂಪ್ ದನಿಗಳನ್ನು ಎಐಯಿಂದ ಮಾಡಿಸಿದ. ಟುಪಾಕ್ ಕಡೆಯ ವಕೀಲರು ಗದರಿದ ಮೇಲೆ ಅದನ್ನು ತೆಗೆದುಹಾಕಿದ. ಜಗಳಕ್ಕೆ ಇಳಿದವನು ಸತ್ತವನ ದನಿ ಬಾಡಿಗೆಗೆ ತಂದರೆ ಅಲ್ಲೇ ಅರ್ಧ ಸೋತ ಹಾಗೆ, ಅಲ್ವಾ?

ಮೇ 3ರಿಂದ 5ರ ನಡುವೆ ಇಬ್ಬರಿಂದ ಐದು ಹಾಡು ಬಂದವು. ಡ್ರೇಕ್‌ನ 'ಫ್ಯಾಮಿಲಿ ಮ್ಯಾಟರ್ಸ್' ಚೆನ್ನಾಗಿಯೇ ಇತ್ತು. ಪಾಪ, ಅದನ್ನು ಜನ ಪೂರ್ತಿ ಕೇಳಿ ಮುಗಿಸುವ ಮೊದಲೇ, ಒಂದು ಗಂಟೆಯೊಳಗೆ, ಕೆಂಡ್ರಿಕ್ 'ಮೀಟ್ ದ ಗ್ರಹಾಮ್ಸ್' ಬಿಟ್ಟ. ಮಾರನೇ ದಿನ ಸಂಗೀತ ನಿರ್ಮಾಪಕ ಮಸ್ಟರ್ಡ್‌ನ ಬೀಟಿನ ಮೇಲೆ 'ನಾಟ್ ಲೈಕ್ ಅಸ್'. ಡ್ರೇಕ್ ಆಮೇಲೆ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

2025ರ ಫೆಬ್ರವರಿಯಲ್ಲಿ ಐದು ಗ್ರ್ಯಾಮಿ. ಒಂದೇ ವಾರಕ್ಕೆ ನ್ಯೂ ಆರ್ಲೀನ್ಸ್‌ನಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಫೈನಲ್; ಅದರ ನಡುವೆ ಕೆಂಡ್ರಿಕ್ ಈ ಹಾಡು ಹಾಡಿದ. ಹಾಡಿನಲ್ಲಿ ಬರುವ 'ಎ ಮೈನರ್' ಅನ್ನೋದು ಸಂಗೀತದ ಒಂದು ಸ್ವರಮೇಳ (ಕಾರ್ಡ್), ಅಪ್ರಾಪ್ತೆ ಎಂಬ ಅರ್ಥವೂ ಬರುತ್ತದೆ. ಆ ಚುಚ್ಚುಮಾತನ್ನು ಸ್ಟೇಡಿಯಂ ತುಂಬ ಜನ ಒಟ್ಟಿಗೆ ಕೂಗಿದರು. ಇದಕ್ಕಿಂತ ಗೆಲುವು ಬೇಕಾ?

ಡ್ರೇಕ್‌ಗೆ ಅಪ್ರಾಪ್ತೆಯರ ಮೇಲೆ ಕಣ್ಣು ಎಂಬ ಹಾಡಿನ ಆರೋಪ ನಿಜವಾ ಅಂತ ಕೇಳುವವರಿದ್ದಾರೆ. ಡ್ರೇಕ್ ಅಲ್ಲಗಳೆದಿದ್ದಾನೆ. ರೆಕಾರ್ಡ್ ಕಂಪನಿ ಮೇಲೆ ಹಾಕಿದ ಕೇಸು 2025ರ ಅಕ್ಟೋಬರಿನಲ್ಲಿ ವಜಾ ಆಯಿತು. ಇರಲಿ, ಅದು ಕೋರ್ಟಿನ ವಿಷಯ, ನಾವು ಹಾಡಿನ ಬಗ್ಗೆ ಮಾತಾಡೋಣ. ಇನ್ನು ಹಳಬರು 'ಈಥರ್' 'ಈಥರ್' ಅಂತಾರೆ, 2001ರಲ್ಲಿ ರ‍್ಯಾಪರ್ ನಾಸ್ ತನ್ನ ಎದುರಾಳಿ ಜೇ-ಜೀ ಮೇಲೆ ಬಿಟ್ಟ ಡಿಸ್ ಹಾಡು. ಅವರಿಗೆ ಇಡ್ಲಿ ಕೂಡ ಇಪ್ಪತ್ತೈದು ವರ್ಷದ ಹಿಂದೆಯೇ ಚೆನ್ನಾಗಿತ್ತು.

ವಿರೋಧ: ಮಿರ್ಚಿ ಕೊಡಿಸಿದವನ ಮಾತು

ಹೌದು, ನಾನು 'ಈಥರ್' ಹಳಬ. ಆದರೆ ನಾನು ನಾಸ್ ಅಭಿಮಾನಿಯಲ್ಲ, ಜೇ-ಜೀ ಪಕ್ಷದವನು. ಸೋತ ಕಡೆಯವನೇ ಒಪ್ಪುತ್ತಿದ್ದೇನೆ, ಅದನ್ನು ನೆನಪಿಟ್ಟುಕೊಂಡು ಓದಿ.

2001ರ ಸೆಪ್ಟೆಂಬರ್ 11ಕ್ಕೆ ಜೇ-ಜೀಯ ಆಲ್ಬಂ 'ದ ಬ್ಲೂಪ್ರಿಂಟ್' ಬಂತು. ಅದರಲ್ಲಿ ನಾಸ್‌ನನ್ನು ಚುಚ್ಚುವ ಹಾಡು 'ಟೇಕೋವರ್'. ನಾಸ್ 20ನೇ ವಯಸ್ಸಿನಲ್ಲಿ 'ಇಲ್‌ಮ್ಯಾಟಿಕ್' ಆಲ್ಬಂ ಮಾಡಿದವನು. ಆಮೇಲೆ ಇಳಿದ ಅಂತ ಜನ ಆಡಿಕೊಳ್ಳುತ್ತಿದ್ದರು. ಜೇ-ಜೀ ಅದನ್ನೇ ಲೆಕ್ಕ ಹಾಕಿ ಹೇಳಿದ: ಹತ್ತು ವರ್ಷಕ್ಕೆ ಒಂದು ಒಳ್ಳೇ ಆಲ್ಬಂ. ಬೈಗುಳವಲ್ಲ, ಆಡಿಟ್ ವರದಿ.

ಮೂರು ತಿಂಗಳಿಗೆ, ಡಿಸೆಂಬರಿನಲ್ಲಿ, 'ಈಥರ್' ಬಂತು. ಈಥರ್ ಹೊಗೆ ದೆವ್ವಗಳಿಗೆ ಆಗುವುದಿಲ್ಲ, ಅದಕ್ಕೇ ಆ ಹೆಸರು ಅಂತ ನಾಸ್ ಹೇಳಿದ್ದ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ನಮ್ಮ ಮನೆಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೀಟ್ ಸಾಧಾರಣ, ಒಪ್ಪಿದೆ. ಸಲಿಂಗಿಗಳನ್ನು ಹೀಯಾಳಿಸುವ ಮಾತಿದೆ, ಇವತ್ತು ಕೇಳಿದರೆ ಮುಜುಗರ. ಆದರೆ ಆ ದನಿ! ಕೂಗಾಟ ಇಲ್ಲ. ಸೋತು ಸುಣ್ಣವಾದವನು ಅಂತ ಎಲ್ಲರೂ ತಿಳಿದಿದ್ದವನು ನಗುತ್ತಾ ಮಾತಾಡುತ್ತಾನೆ. ರ‍್ಯಾಪರ್ ಬಿಗ್ಗಿಯ ಸಾಲು ಕದ್ದವನೇ, ನಿನ್ನ ಆಲ್ಬಮ್ಮಿನಲ್ಲೇ ಅತಿಥಿಯಾಗಿ ಹಾಡಿದ ಎಮಿನೆಮ್ ನಿನ್ನನ್ನು ಮುಗಿಸಿದನಲ್ಲೋ ಎಂದು ಕೇಳುತ್ತಾನೆ. ಆ ಕೊನೇ ಮಾತು ಜೇ-ಜೀ ಅಭಿಮಾನಿಗಳಿಗೂ ಒಳಗೊಳಗೇ ಗೊತ್ತಿತ್ತು. ಅದಕ್ಕೇ ಉರಿಯಿತು.

ನನಗೆ ಉರಿದದ್ದು ದಾವಣಗೆರೆಯ ಹಾಸ್ಟೆಲಿನಲ್ಲಿ, 2002ರಲ್ಲಿ. ರೂಮ್‌ಮೇಟ್ ಗದಗಿನವನು, ನಾಸ್ ಪಕ್ಷ. ಒಂದೇ ಸ್ಪೀಕರ್ ಕೆಲಸ ಮಾಡುತ್ತಿದ್ದ ಕಂಪ್ಯೂಟರಿನಲ್ಲಿ ಎರಡೂ ಹಾಡು ಹಾಕಿ ಪಂಥ ಕಟ್ಟಿದೆವು. ಸೋತವನು ಮಂಡಕ್ಕಿ-ಮಿರ್ಚಿ ಕೊಡಿಸಬೇಕು. 'ಈಥರ್' ಮುಗಿದಾಗ ಅವನು ಏನೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತ, ಅಷ್ಟೇ.

ಕೊಡಿಸಿದೆ. ಆದರೆ ಹೊಟ್ಟೆಯುರಿ ಹೋಗಲಿಲ್ಲ. ಅವನ ಮೇಲೆ ಎಂಟು ಸಾಲು ಪ್ರಾಸ ಕಟ್ಟಿ ಬಾತ್‌ರೂಮಿನ ಗೋಡೆ ಮೇಲೆ ಬರೆದೆ. ಪ್ರಾಸ ಸಿಗಲಿಲ್ಲ ಅಂತ ಅವನ ಅಕ್ಕನನ್ನೂ ಎಳೆದು ತಂದೆ. ಇಡೀ ಹಾಸ್ಟೆಲ್ ನಕ್ಕಿತು, ಅವನೂ ನಕ್ಕ ಹಾಗೆ ಮಾಡಿದ. ಯುಗಾದಿಗೆ ಅವನನ್ನು ಚನ್ನಗಿರಿಗೆ, ನಮ್ಮ ಮನೆಗೆ ಕರೆದುಕೊಂಡು ಹೋದೆ. ನಾನು ಬಡಾಯಿಗೆ ಹೇಳಿಕೊಟ್ಟಿದ್ದ ಆ ಸಾಲುಗಳನ್ನು ನನ್ನ ತಮ್ಮ ಊಟದ ಹೊತ್ತಿಗೆ ಗಟ್ಟಿಯಾಗಿ ಹಾಡಿಬಿಟ್ಟ. ಅಮ್ಮ ಹೋಳಿಗೆ ಬಡಿಸುತ್ತಿದ್ದವಳು ನಿಂತಳು. "ಮೊದ್ಲು ಅವನ ಹತ್ರ ತಪ್ಪಾಯ್ತು ಅನ್ನು. ಆಮೇಲೆ ಊಟ" ಅಂದಳು. ಅಂದೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ವರ್ಷಗಳ ಮೇಲೆ ಓದಿ ಗೊತ್ತಾಯಿತು, ಜೇ-ಜೀಗೂ ಇದೇ ಆಗಿತ್ತು ಅಂತ. 'ಈಥರ್'ಗೆ ಉತ್ತರವಾಗಿ 'ಸುಪಾ ಅಗ್ಲಿ' ಹಾಡಿನಲ್ಲಿ ಅವನು ನಾಸ್‌ನ ಮಗಳ ತಾಯಿಯನ್ನು ಎಳೆದು ತಂದ. ಜೇ-ಜೀಯ ತಾಯಿ ಗ್ಲೋರಿಯಾ ಕಾರ್ಟರ್ ಗದರಿದರು. ಅವನು ರೇಡಿಯೊದಲ್ಲಿ ಕ್ಷಮೆ ಕೇಳಿದ. ನ್ಯೂಯಾರ್ಕಿನ ಹಾಟ್ 97 ರೇಡಿಯೊ ಕೇಳುಗರಿಂದ ಮತ ಹಾಕಿಸಿತು, ನಾಸ್ ಗೆದ್ದ. ಎದುರಾಳಿ ತನ್ನ ಅಮ್ಮನ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದ ಹಾಡು ಬೇರೆ ಯಾವುದಿದೆ ಹೇಳಿ. ಅಷ್ಟೇ ಯಾಕೆ, 'ಈಥರ್' ಅನ್ನೋದು ಆಮೇಲೆ ಕ್ರಿಯಾಪದವೇ ಆಯಿತು. ಯಾರನ್ನಾದರೂ ಮಾತಲ್ಲಿ ಸುಟ್ಟು ಬೂದಿ ಮಾಡಿದರೆ 'ಈಥರ್ ಮಾಡಿದ' ಅಂತಾರೆ. 'ನಾಟ್ ಲೈಕ್ ಅಸ್ ಮಾಡಿದ' ಅಂತ ಯಾರಾದರೂ ಅಂದಿದ್ದಾರಾ?

ಸ್ಟೇಡಿಯಂ ಕುಣಿಯಿತಂತೆ. ಕುಣಿಸುವುದೇ ಶ್ರೇಷ್ಠ ಅಂದರೆ ಗಣಪತಿ ಬಿಡುವ ದಿನದ ಡಿಜೆಗೂ ಐದು ಗ್ರ್ಯಾಮಿ ಕೊಡಿ. ಕೇಸು ವಜಾ ಆಯಿತು ಅಂದವರು, ಯಾಕೆ ವಜಾ ಆಯಿತು ಅಂತ ಹೇಳಲಿಲ್ಲ. ರ‍್ಯಾಪ್ ಜಗಳದ ಮಾತನ್ನು ಕೇಳುಗರು ಸಾಬೀತಾದ ಸಂಗತಿ ಅಂತ ತಗೊಳ್ಳಲ್ಲ, ಅದು ಅಭಿಪ್ರಾಯ ಅಂತ. ಆ ಹಾಡಿನ ಅತಿ ಕೆಟ್ಟ ಪದವನ್ನು ಸೂಪರ್ ಬೌಲ್‌ನಲ್ಲಿ ಕೆಂಡ್ರಿಕ್‌ನೇ ನುಂಗಿಕೊಂಡ. ನಾಸ್‌ಗೆ ಅಂಥ ಆರೋಪ ಬೇಕಾಗಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳಿ ಉರಿಸಿದ.

'ನಾಟ್ ಲೈಕ್ ಅಸ್' ಬಂದ ವಾರ ಗದಗಿಗೆ ಫೋನ್ ಮಾಡಿದೆ. ಕೇಳಿದ್ಯಾ, ಹೇಗಿದೆ ಅಂದೆ.

"ಹಾಡು ಚಲೋ ಐತಿ," ಅಂದ. "ಮಿರ್ಚಿ ಕೊಡಸೋವಷ್ಟ ಏನಿಲ್ಲ."