ನನ್ನ ನಾಯಕಿಗೆ ಅರ್ಕಾವತ್ತು ಆಗಿಬರಲಿಲ್ಲ

ಕತೆ ಬರೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಡಿಟಿಪಿಯವರು ಯಾರು? ಯಾಕಂದ್ರೆ ನಮ್ಮ ಬಾಗಲಕೋಟೆಯಲ್ಲಿ ಕತೆಗಾರನ ಸಾಫ್ಟ್‌ವೇರನ್ನು ಕತೆಗಾರ ಆರಿಸುವುದಿಲ್ಲ. ಹಳೇ ಊರಿನ ಗಲ್ಲಿಯೊಂದರಲ್ಲಿ, ಲಗ್ನಪತ್ರಿಕೆಗಳ ರಾಶಿಯ ಹಿಂದೆ ಕೂತು ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಡಿಟಿಪಿಯವನು ಆರಿಸುತ್ತಾನೆ. ಈ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಗಾಗಿ ನಾನು ದಿನವಿಡೀ ಸಹಕಾರಿ ಸಂಘದ ಲೆಕ್ಕ ಬರೆದು, ಸಂಜೆ ನವನಗರದ ಮನೆಗೆ ಬಂದು, ದೇಶ ವಿದೇಶದ ಕಾದಂಬರಿಕಾರರೆಲ್ಲ ಯಾವುದರಲ್ಲಿ ಬರೆಯುತ್ತಾರೆ ಅಂತ ಹುಡುಕುತ್ತಾ ಕೂತಿರುತ್ತಿದ್ದೆ.

ಇದಕ್ಕೆಲ್ಲ ಸಲಹೆಗಾರ ನಮ್ಮ ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. "ಮಾಮಾ, ನೀ ಇನ್ನೂ ವರ್ಡಿನಾಗ ಬರೀತಿ?" ಅಂದ. ವರ್ಡ್ ಮೊದಲು ಬಂದದ್ದು 1983ರಲ್ಲಿ, ನಾನು ಅದಕ್ಕಿಂತ ಸ್ವಲ್ಪ ಮುಂಚೆ ಬಂದವನು. ಅವನು ಅಂದ ಧಾಟಿ ನೋಡಿದರೆ ಇಬ್ಬರನ್ನೂ ಸೇರಿಸಿಯೇ ಅಂದಂತಿತ್ತು.

ಅವನು ಮೊದಲು ಹಾಕಿಕೊಟ್ಟದ್ದು ಸ್ಕ್ರಿವನರ್. 2007ರಲ್ಲಿ ಬಂದದ್ದು, ಉದ್ದುದ್ದ ಬರೆಯುವವರಿಗೆ ಅಂತಲೇ ಮಾಡಿದ್ದು. ಇಡೀ ಕತೆಯನ್ನು ಒಂದೇ ಫೈಲಿನಲ್ಲಿ ಗೀಚುವುದಲ್ಲ. ಸನ್ನಿವೇಶಕ್ಕೊಂದು ಚೀಟಿ ಮಾಡಿ, ಪರದೆಯ ಮೇಲಿನ ಹಲಗೆಗೆ ಚುಚ್ಚಿ, ಬೇಕಾದಾಗ ಹಿಂದೆ ಮುಂದೆ ಸರಿಸಬಹುದು. 30 ದಿನ ಪುಕ್ಕಟೆ ಬಳಸಿ ನೋಡಿ ಅನ್ನುತ್ತಾರೆ, ಆ 30 ದಿನ ಕ್ಯಾಲೆಂಡರಿನ ದಿನ ಅಲ್ಲ, ನೀವು ನಿಜವಾಗಿ ಬಳಸಿದ ದಿನಗಳ ಲೆಕ್ಕ. ವಾರಕ್ಕೊಮ್ಮೆ ತೆರೆದು ಮುಚ್ಚುವವನಿಗೆ ಏಳು ತಿಂಗಳು ತಾಳುತ್ತದೆ. ಸೋಮಾರಿ ಸಾಹಿತಿಗಳ ಮೇಲೆ ಇಷ್ಟು ಕರುಣೆ ಇರುವ ಕಂಪನಿ ಇನ್ನೊಂದಿಲ್ಲ.

ಅದರಲ್ಲಿ ಪಾತ್ರಗಳಿಗೆ ಅಂತ ಬೇರೆ ನಮೂನೆ ಇದೆ. ನನ್ನ ನಾಯಕನ ವಯಸ್ಸು, ಎತ್ತರ, ಮೈಬಣ್ಣ, ಕೆಲಸ, ಗುಣ, ಚಟ ಎಲ್ಲ ತುಂಬುತ್ತಾ ಇದ್ದೆ. ಚಹಾ ತಂದ ಮನೆಯಾಕೆ ಹಿಂದೆ ನಿಂತು ಪೂರ್ತಿ ಓದಿದಳು. "ಯಾರ ಬಯೋಡೇಟಾ ರೀ ಇದು? ಹುಡುಗ ಛಲೋ ಅದಾನ. ನಮ್ಮ ಚಿಕ್ಕವ್ವನ ಮಗಳಿಗೆ ಕೇಳೂನೇನು?" ಅಂದಳು. ಇವನು ಕತೆಯೊಳಗಿನ ಹುಡುಗ, ಮೂರನೇ ಅಧ್ಯಾಯದಲ್ಲಿ ಸಾಯ್ತಾನೆ ಅಂದೆ. "ಹಂಗಾರ ಬ್ಯಾಡ ಬಿಡ್ರಿ" ಅಂತ ಕಪ್ಪು ಇಟ್ಟು ಹೋದಳು. ಚೀಟಿಗಳನ್ನು ಹಿಂದೆ ಮುಂದೆ ಮಾಡುವುದರಲ್ಲಿ ಎಷ್ಟು ಸುಖ ಅಂದ್ರೆ, ಚೀಟಿಯ ಒಳಗೆ ಕತೆ ಬರೆಯಬೇಕು ಅನ್ನುವುದೇ ಮರೆಯುತ್ತದೆ.

ಆಮೇಲೆ ಫೋಕಸ್‌ರೈಟರ್. ಇದು ಪೂರ್ತಿ ಪುಕ್ಕಟೆ. ತೆರೆದರೆ ಪರದೆ ತುಂಬ ಬರೀ ಖಾಲಿ ಹಾಳೆ, ಮೆನು ಗಿನು ಏನೂ ಕಾಣುವುದಿಲ್ಲ, ಬರೆಯುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಬೇಕಂದ್ರೆ ಕೀಲಿ ಒತ್ತಿದಾಗಲೆಲ್ಲ ಹಳೇ ಟೈಪ್‌ರೈಟರಿನ ಟಕಟಕ ಸಪ್ಪಳ ಬರುವ ಹಾಗೆ ಇಟ್ಟುಕೊಳ್ಳಬಹುದು. ಅಳಿಯ ಅದನ್ನು ಜೋರಾಗಿ ಇಟ್ಟುಕೊಟ್ಟ. ಒಂದೆರಡು ಸಂಜೆ ನನಗೇ ನನ್ನ ಮೇಲೆ ಗೌರವ ಬಂತು. ತೊಂದರೆ ಏನಂದ್ರೆ ಆ ಸಪ್ಪಳ ಅಡುಗೆಮನೆಗೂ ಕೇಳುತ್ತದೆ. ನಾನು ಮುಂದಿನ ಸಾಲು ಯೋಚಿಸುತ್ತಾ ಸುಮ್ನೆ ಕೂತರೆ ಸಾಕು, ಒಳಗಿಂದ "ಯಾಕ್ರಿ, ಸಪ್ಪಳ ನಿಂತತಿ? ಹಂಗಾರ ಹೋಗಿ ಹಾಲು ತಂದುಬಿಡ್ರಿ" ಅಂತ ದನಿ ಬರುತ್ತಿತ್ತು. ಯೋಚಿಸುವಾಗಲೂ ಟಕಟಕ ಅನ್ನಿಸಲು ಸುಮ್ನೆ ಸ್ಪೇಸ್ ಬಾರ್ ಕುಟ್ಟುತ್ತಿದ್ದೆ. ಆ ಕಾಲದ ನನ್ನ ಕತೆಗಳಲ್ಲಿ ಪದಗಳ ನಡುವೆ ಅಂತರ ಜಾಸ್ತಿ.

ಟೈಪ್ ಮಾಡುವುದೇ ಬೇಡ, ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಅಂತ ಆಫೀಸಿನ ಗೆಳೆಯರೊಬ್ಬರು ಅಂದರು. ಕನ್ನಡದಲ್ಲೂ ದನಿ ಕೇಳಿ ಬರೆಯುವ ಸೌಲಭ್ಯ ಬಂದು ಕೆಲವು ವರ್ಷಗಳೇ ಆಗಿವೆ, ಆದರೆ ಅದು ಕಲಿತ ಕನ್ನಡ ಬಾಗಲಕೋಟೆಯ ಬಸ್ ಸ್ಟ್ಯಾಂಡಿನದಲ್ಲ. "ಅವ್ವ ರೊಟ್ಟಿ ಬಡಿಯಾಕತ್ತಾಳ" ಅಂದೆ. "ಅವ್ವ ರೊಟ್ಟಿ ಬಡಿಯ ಕತ್ತಲ" ಅಂತ ಬಂತು. ಓದಿ ಓದಿ ನನಗೇ ಇಷ್ಟ ಆಯಿತು, ಒಳ್ಳೆ ನವ್ಯ ಕವಿತೆಯ ಸಾಲು. ಅಷ್ಟರಲ್ಲಿ ಹೊರಗೆ ಕಾಯಿಪಲ್ಲೆಯವನು ಗಾಡಿ ತಳ್ಳಿಕೊಂಡು ಬಂದ. ಅವನು ಕೂಗಿದ ಬದನೆಕಾಯಿ, ಬೆಂಡೆಕಾಯಿ, ಹೀರೇಕಾಯಿ, ಕಿಲೋ ಎಷ್ಟು ಅನ್ನುವುದರ ಸಮೇತ, ಒಂದು ಕಾಗುಣಿತ ತಪ್ಪಿಲ್ಲದೆ ನನ್ನ ಕತೆಯಲ್ಲಿ ಇಳಿದಿತ್ತು. ನನ್ನ ಮನೆಯಲ್ಲಿ, ನನ್ನ ಫೋನಿಗೆ, ನನ್ನ ಭಾಷೆಗಿಂತ ಅವನದು ಸ್ಪಷ್ಟ.

ಸ್ಪೆಲ್‌ಚೆಕ್ಕಿನ ಗೋಳು ಬೇರೆ. ನಮ್ಮ ಭಾಷೆಯಲ್ಲಿ ಒಂದು ಕ್ರಿಯಾಪದಕ್ಕೆ ಬಾಲ ಅಂಟಿಸುತ್ತಾ ಹೋದರೆ ಕೊನೆಯೇ ಇಲ್ಲ, ಹೋಗಿಬಂದವನಿಗಂತೂ ಅನ್ನುವ ಪದವನ್ನು ಯಾವ ನಿಘಂಟು ಅಂತ ಇಟ್ಟುಕೊಂಡಿರುತ್ತದೆ ಹೇಳಿ. ಅದರ ಮೇಲೆ ನಮ್ಮ ಕಡೆಯ ಸಂಭಾಷಣೆ. ಹೊಂಟಾನ, ಬರಾಕತ್ತೀನಿ, ಒಲ್ಲೆಂದ್ರ ಒಲ್ಲೆ. ಪುಟವೆಲ್ಲ ಕೆಂಪು ಗೆರೆ. ನನ್ನ ಪಾತ್ರಗಳು ಸುಮ್ಮನಿದ್ದಾಗ ಮಾತ್ರ ಕಂಪ್ಯೂಟರಿಗೆ ಸಮಾಧಾನ. ಆ ಗೆರೆ ಬರುವುದನ್ನೇ ನಿಲ್ಲಿಸಿಬಿಟ್ಟೆ, ಈಗ ಇಬ್ಬರೂ ಆರಾಮ.

ಇನ್ನು ಕೀಲಿಮಣೆ. ಕನ್ನಡದಲ್ಲಿ ಬರೆಯುವವರಿಗೆ ಸಾಫ್ಟ್‌ವೇರ್ ಯಾವುದು ಅನ್ನುವುದಕ್ಕಿಂತ ಇದೇ ದೊಡ್ಡ ಪಂಗಡ. ಶೇಷಾದ್ರಿವಾಸು ಅವರು 1998ರಲ್ಲಿ ತಂದ 'ಬರಹ' ಸಾಫ್ಟ್‌ವೇರಿನಲ್ಲಿ ಕಲಿತವರು ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆದು ಕನ್ನಡ ಪಡೆಯುತ್ತಾರೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ಸಾಫ್ಟ್‌ವೇರಿನಲ್ಲಿ ಕಲಿತ ನಮ್ಮಂಥವರದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜಾಡು, ಒತ್ತಕ್ಷರ ಬೇಕಂದ್ರೆ ನಡುವೆ ಎಫ್ ಕೀಲಿ ಒತ್ತಬೇಕು. ನನಗೆ ಕೇಳಿದರೆ ಇದರಷ್ಟು ಚುರುಕಾದದ್ದು ಇನ್ನೊಂದಿಲ್ಲ, ಬರಹದವರ ಜೊತೆ ಈ ವಿಷಯಕ್ಕೆ ಜಗಳಕ್ಕೂ ತಯಾರು. ಆದರೆ ಬೆರಳು ಒಮ್ಮೆ ಕಲಿತದ್ದನ್ನು ಬಿಡುವುದಿಲ್ಲ. ಅಳಿಯನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಕಾಗುಣಿತದ ಪದ್ಧತಿ. ಅಲ್ಲಿ ಕೂತು ನಾನು ಅಕ್ಕ ಅಂತ ಹೊಡೆದರೆ ಪರದೆಯ ಮೇಲೆ ಅಕ್ಫ್ಕ್ ಅಂತ ಬಂತು, ಕೋಳಿಗೆ ಕೆಮ್ಮು ಬಂದ ಹಾಗೆ. ಅಮ್ಮ, ಅಪ್ಪ, ಬೆಕ್ಕು ಎಲ್ಲರಿಗೂ ಅದೇ ಕೆಮ್ಮು ತಗುಲಿತು.

ಇಷ್ಟೆಲ್ಲ ದಾಟಿ, ಕೊನೆಗೆ ಲಿಬ್ರೆ ಆಫೀಸಿನಲ್ಲಿ ನುಡಿ ಕೀಲಿಮಣೆ ಇಟ್ಟುಕೊಂಡು, ಈಗಿನ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡಿನಲ್ಲಿ, ಹನ್ನೆರಡು ಕತೆ ಮುಗಿಸಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಡಿಟಿಪಿ ಅಂಗಡಿಗೆ ಹೋದೆ. ಲಗ್ನದ ಸೀಜನ್ನು. ನನ್ನ ಮುಂದೆ ಲಗ್ನಪತ್ರಿಕೆಯವರು, ಒಂದು ಪುಣ್ಯಸ್ಮರಣೆಯವರು, ಟ್ಯೂಷನ್ನಿನ ಹ್ಯಾಂಡ್‌ಬಿಲ್ಲಿನವರು. ಸಾಹಿತ್ಯದ ಪಾಳಿ ಬಂದಾಗ ಅವನು ಫೈಲ್ ತೆರೆದು, ಮುಖ ಸಣ್ಣದು ಮಾಡಿ, "ಸರ್ರ, ಇದು ಯುನಿಕೋಡ್ ಐತ್ರಿ. ನಮ್ಮಲ್ಲಿ ನಡೆಯಂಗಿಲ್ರಿ" ಅಂದ.

ಅವನಲ್ಲಿ ಪುಟ ಜೋಡಿಸಲು ಇದ್ದದ್ದು ಪೇಜ್‌ಮೇಕರ್ ಅನ್ನುವ ಹಳೇ ಸಾಫ್ಟ್‌ವೇರ್. ಅದರ ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಕನ್ನಡವೋ 1991ರ ಮೊದಲ ಯುನಿಕೋಡಿನಲ್ಲೇ ಇತ್ತು, ಆದರೆ ಈ ಗಲ್ಲಿಗೆ ಇನ್ನೂ ಬಂದು ಮುಟ್ಟಿರಲಿಲ್ಲ. ಇಲ್ಲಿ ನಡೆಯುವುದು ಹಳೇ ಪದ್ಧತಿಯ ಫಾಂಟು. ಅದರಲ್ಲಿ ಕಂಪ್ಯೂಟರಿಗೆ ತಾನು ಕನ್ನಡ ಬರೆಯುತ್ತಿದ್ದೇನೆ ಅಂತಲೇ ತಿಳಿದಿರುವುದಿಲ್ಲ. ಒಳಗೆ ಇರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳು, ಮೇಲೆ ಕನ್ನಡದ ವೇಷ. ಅದರ ಮುಂದೆ ವಾದ ಮಾಡಿ ಉಪಯೋಗ ಇಲ್ಲ, ಪುಸ್ತಕ ಆಗಬೇಕಂದ್ರೆ ವೇಷ ಹಾಕಲೇಬೇಕು. ಕತೆಗಳನ್ನು ಆ ಫಾಂಟಿಗೆ ಬದಲಿಸಿ ಹಾಕಿಕೊಂಡ, ಪ್ರೂಫ್ ಬಂತು, ನಾನು ತಿದ್ದಿದ್ದನ್ನೆಲ್ಲ ಅಲ್ಲೇ ಪೇಜ್‌ಮೇಕರಿನಲ್ಲೇ ತಿದ್ದಿದ. ಅಂದರೆ ನನ್ನ ಕತೆಗಳ ಕೊನೆಯ, ಒಪ್ಪವಾದ ರೂಪ ಈಗ ಇರುವುದು ನನ್ನ ಹತ್ತಿರ ಅಲ್ಲ, ಅವನ ಹತ್ತಿರ.

ಆಗಲೇ ಒಂದು ಪತ್ರಿಕೆಯವರು ಕತೆ ಕೇಳಿದರು. ಅಂಗಡಿಯ ಹುಡುಗನಿಗೆ ಹೇಳಿದೆ, ಅವನು ಇದ್ದದ್ದನ್ನು ಇದ್ದ ಹಾಗೆ ಮೇಲ್ ಮಾಡಿದ. ಮರುದಿನ ಸಂಪಾದಕರ ಫೋನು. "ಸರ್, ಕತೆ ಬಂದಿದೆ. ಯಾವ ಭಾಷೆ?" ಅಂದರು. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿತ್ತು. ಆ ಹಳೇ ಫಾಂಟಿನಲ್ಲಿ 'ನ' ಅಕ್ಷರದ ಒಳಗೆ ಇರುವುದು ಬ್ರಿಟಿಷರ ಪೌಂಡ್ ಚಿಹ್ನೆ. ನನ್ನದು ಉತ್ತಮ ಪುರುಷದ ಕತೆ ಬೇರೆ. ನಾನು ಅಂತ ಬರೆದಲ್ಲೆಲ್ಲ ಎರಡು ಪೌಂಡು, ನನ್ನ ಅಂದಲ್ಲಿ ಇನ್ನೆರಡು. ಇಷ್ಟು ಸಂಭಾವನೆ ಕನ್ನಡದಲ್ಲಿ ಯಾವ ಕತೆಗಾರನಿಗೂ ಕಾಗದದ ಮೇಲಾದರೂ ಬಂದಿಲ್ಲ ಅನ್ನಿಸುತ್ತದೆ.

ಆಮೇಲೆ ಅಂಗಡಿಯವನು ಎಲ್ಲಿಂದಲೋ ಒಂದು ಪರಿವರ್ತಕ ತಂದು ಎಲ್ಲವನ್ನೂ ವಾಪಸ್ ಯುನಿಕೋಡ್ ಮಾಡಿದ. ಒಳ್ಳೆಯ ಪರಿವರ್ತಕಗಳೂ ಇವೆ, ಇದು ಅದಲ್ಲ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಜಾಗದಲ್ಲಿ, ಅಂದರೆ ಅಕ್ಷರದ ಆಮೇಲೆ ಕೂತಿರುತ್ತದೆ. ಯುನಿಕೋಡಿನಲ್ಲಿ ಬಾಯಿ ಹೇಳುವ ಕ್ರಮದಲ್ಲಿ, ಅಕ್ಷರದ ಮುಂಚೆ. ಈ ಹಿಂದುಮುಂದು ಆ ಪರಿವರ್ತಕಕ್ಕೆ ತಿಳಿಯಲಿಲ್ಲ. ನನ್ನ ನಾಯಕಿ ಪಾರ್ವತಿ, ಪಾವರ್ತಿ ಆದಳು. ಬೆಳಿಗ್ಗೆ ಸೂಯರ್ ಹುಟ್ಟಿದ. ಇಡೀ ಕನಾರ್ಟಕದಲ್ಲಿ ಆ ವಷರ್ ಮಳೆ ಆಗಲಿಲ್ಲ. ಹುಡುಕಿ ಹುಡುಕಿ ತಿದ್ದಿದೆ. ತಿದ್ದಿದ್ದು ಮತ್ತೆ ಪೇಜ್‌ಮೇಕರಿಗೆ ಹೋಗಿ ವಾಪಸ್ ಬಂದಾಗ ಮತ್ತೆ ಪಾವರ್ತಿ.

ಅಂಗಡಿಯವನನ್ನು ಬದಲಿಸುವುದು ಆಗದ ಮಾತು, ಪೇಜ್‌ಮೇಕರನ್ನು ಬದಲಿಸುವುದು ಅದಕ್ಕಿಂತ ಆಗದ ಮಾತು. ಹಾಗಾಗಿ ಹೊಸ ಕತೆಗಳಲ್ಲಿ ಅರ್ಕಾವತ್ತನ್ನೇ ಬಿಟ್ಟೆ. ಪಾರ್ವತಿಯ ಹೆಸರು ನೀಲವ್ವ ಆಯಿತು. ಸೂರ್ಯ ಮುಳುಗುವುದಿಲ್ಲ, ಹೊತ್ತು ಮುಳುಗುತ್ತದೆ. ಯಾರೂ ಗರ್ಭಿಣಿ ಆಗುವುದಿಲ್ಲ, ಬಸುರಿ ಆಗುತ್ತಾರೆ. ಯಾರಿಗೂ ಆಶ್ಚರ್ಯ ಇಲ್ಲ, ಬರೀ ಬೆರಗು. ನಾಯಕನ ಶರ್ಟ್ ಬಿಚ್ಚಿಸಿ ಅಂಗಿ ತೊಡಿಸಿದೆ, ಸಕ್ಕರೆ ಕಾರ್ಖಾನೆಯ ನೌಕರಿ ಬಿಡಿಸಿ ಗುಳೇದಗುಡ್ಡಕ್ಕೆ ಕಳಿಸಿ ಖಣ ನೇಯಲು ಕೂರಿಸಿದೆ. ಸರ್ಕಾರಕ್ಕೆ ಮಾತ್ರ ಕಷ್ಟ ಆಗಲಿಲ್ಲ, ನಮ್ಮ ಕಡೆ ಮೊದಲಿಂದಲೂ ಸರಕಾರ.

ಆ ಕತೆಗಳನ್ನು ಓದಿದ ಹಿರಿಯರೊಬ್ಬರು ಫೋನ್ ಮಾಡಿ, "ಏನ್ ಛಲೋ ಆಗೇತ್ರಿ ನಿಮ್ಮ ಭಾಷಾ! ಸಂಸ್ಕೃತದ ಭಾರ ಪೂರ್ತಿ ಇಳಿಸೀರಿ. ಖರೇ ದೇಸಿ ಅಂದ್ರ ಇದು" ಅಂದರು. ಪೂರ್ತಿ ಅನ್ನುವುದರಲ್ಲೇ ಒಂದು ಅರ್ಕಾವತ್ತು ಇತ್ತು, ಮನಸ್ಸಿನಲ್ಲೇ ಹೊಡೆದುಹಾಕಿದೆ. ಬಹಳ ವಿಚಾರ ಮಾಡಿ ಈ ದಾರಿಗೆ ಬಂದೆ ಅಂತ ಹೇಳಿದೆ, ಅದೇನೂ ಸುಳ್ಳಲ್ಲ ಅಲ್ವಾ. ಅವರು ತಮ್ಮ ಸಂಘದಲ್ಲಿ ಕತೆಯ ದೇಸಿ ಭಾಷೆ ಅಂತ ನನ್ನದೊಂದು ಭಾಷಣವನ್ನೇ ಇಟ್ಟರು. ಆಮಂತ್ರಣ ಮಾಡಿಸಿದ್ದು ಅದೇ ಅಂಗಡಿಯಲ್ಲಿ, ಮರುದಿನ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂತು. "ಕಾಯರ್ಕ್ರಮಕ್ಕೆ ತಮಗೆಲ್ಲರಿಗೂ ಹಾದಿರ್ಕ ಸ್ವಾಗತ."

ಮೊದಲು ಉತ್ತರ ಬಂದದ್ದು ಅಳಿಯನಿಂದ. "ಹಾದಿರ್ಕ ಅಭಿನಂದನೆ ಮಾಮಾ."